ನಾನು ಕತ್ತರಿಸಿ ಎಸೆದ ಅಂಚುಗಳು

ರೊಡೆಲ್ ವ್ಯಾನ್ಸ್‌ಗೆ, ಫಿಲಡೆಲ್ಫಿಯಾದಿಂದ ಪರ್ನೆಲ್ ಗ್ಯಾಸ್ಕಿನ್ಸ್ ಬರೆಯುವುದು.

“ಕತ್ತರಿಸಿದವನೇ ಬಂದು ಕೇಳಲಿ” ಎಂದು ನೀನು ಮೊನ್ನೆ ಫೋನಿನಲ್ಲಿ ನಿನ್ನ ಅಕ್ಕನಿಗೆ ಹೇಳಿದೆಯಂತೆ. ಆ ಕತ್ತರಿಸಿದವನು ನಾನೇ. ನಿನ್ನನ್ನು ‘ನೀನು’ ಎನ್ನುತ್ತಿದ್ದೇನೆ. ನನಗೆ ಎಪ್ಪತ್ತಾರು, ನನ್ನ ಕಡೆಯ ತಮ್ಮನಿಗಿಂತಲೂ ನೀನು ಚಿಕ್ಕವನು. ಆರನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಮನೆಗಳ ಗೋಡೆಗೆ ಬಣ್ಣದ ಕಾಗದ ಅಂಟಿಸುವ ಕಸುಬಿನವನು; ಕಾಗದ ಅಂಟಿಸಿದ್ದು ಹೆಚ್ಚು, ಕಾಗದ ಬರೆದದ್ದು ಕಡಿಮೆ. ಇದು ನಿನ್ನ ಕೈಗೆ ಬರುವುದಿಲ್ಲ, ಇದರ ನಕಲು ಬರುತ್ತದೆ ಎಂದು ನಿನ್ನ ಅಕ್ಕ ವರ್ಲೀನ್ ಹೇಳಿದಳು. ಅದಕ್ಕೇ ಒತ್ತಿ ಬರೆಯುತ್ತಿದ್ದೇನೆ. ನಡುವೆ ಓದುವ ಜೈಲಿನ ಅಧಿಕಾರಿಯೂ ಓದಲಿ. ಮುಚ್ಚಿಡುವಂಥದ್ದು ಇದರಲ್ಲಿ ಏನೂ ಇಲ್ಲ.

ಮೂರು ಚಳಿಗಾಲದ ಹಿಂದೆ ನಿನ್ನ ಅಕ್ಕ ನಮ್ಮ ಮನೆ ಬಾಗಿಲಿಗೆ ಬಂದಳು. ಚರ್ಚಿನ ನೆಲಮಾಳಿಗೆಯಲ್ಲಿ ಒಂದು ಮೇಜು ಹಾಕಿದ್ದೇವೆ, ಮಕ್ಕಳನ್ನು ಯಾರೋ ಕೊಂದ ಮನೆಯವರು ಒಂದು ಕಡೆ ಕೂರುತ್ತಾರೆ, ಮಕ್ಕಳು ಜೈಲಿನಲ್ಲಿರುವ ಮನೆಯವರು ಇನ್ನೊಂದು ಕಡೆ, ಎಲ್ಲ ಸೇರಿ ಬಸ್ ತಿರುಗುವ ಕಡೆಯ ದೊಡ್ಡ ಗೋಡೆಗೆ ಚಿತ್ರ ಬರೆಯುತ್ತಾರೆ, ಅರ್ಧ ಹೊರಗೆ, ಅರ್ಧ ಜೈಲಿನ ಒಳಗೆ ನಿಮ್ಮ ಕೈಯಲ್ಲಿ ಎಂದಳು. ನಾನು ಬಾಗಿಲಲ್ಲೇ ನಿಲ್ಲಿಸಿ ಹೇಳಿದೆ: “ಗೋಂದಿನ ವಿಷಯ ಇದ್ರೆ ಕರಿ, ಬರ್ತೀನಿ. ಜೈಲು ಮುಚ್ಚೋ ಮಾತು ನನ್ನ ಹತ್ರ ಬೇಡ. ನನ್ನ ಮಗಳನ್ನ ಕೊಂದವನು ಒಳಗಿದಾನೆ. ಅಲ್ಲೇ ಇರ್ಲಿ.”

“ಗೋಂದಿನ ವಿಷಯಕ್ಕೇ ಬಂದಿದೀನಿ ಅಣ್ಣಾ,” ಎಂದಳು ನಿನ್ನ ಅಕ್ಕ. “ಬಾಕಿ ಮಾತು ನಾವು ಆಡ್ಕೋತೀವಿ. ನೀನು ಕಿವಿ ಮುಚ್ಕೊಂಡು ಕೂತ್ಕೋ.”

ಕೂತೆ. ಕಿವಿ ಮುಚ್ಚಲಾಗಲಿಲ್ಲ. ಆ ಮೇಜಿನ ಜಗಳ ನೀನು ನೋಡಬೇಕಿತ್ತು. ಜೈಲುಗಳೇ ಇಲ್ಲದ ಕಾಲ ಬರಬೇಕು ಎನ್ನುವ ಕಾಲೇಜಿನ ಹುಡುಗಿಯರು ಮೇಜಿನ ಕೊನೆಯಲ್ಲಿ ಕೂರುತ್ತಿದ್ದರು. ಚಿತ್ರ ಬರೆಯುವ ಕೊರಿನ್ ಅವರಲ್ಲೊಬ್ಬಳು. ಅವಳಿಗೆ ಒಡೆದ ಗೋಡೆ, ಹಾರುವ ಹಕ್ಕಿ ಬೇಕಿತ್ತು. ಮಗನನ್ನು ಕಳೆದುಕೊಂಡ ಹ್ಯಾಟಿ ಲೂ ಕೈಚೀಲವನ್ನು ಮೇಜಿನ ಮೇಲೆ ಕುಕ್ಕಿ, “ಹಕ್ಕಿ ಹಾರಿದ್ರೆ ನನ್ ಮಗ ಎದ್ದು ಬರ್ತಾನೇನೆ?” ಎಂದಳು. ಒಂದು ಚಳಿಗಾಲ ಪೂರ್ತಿ ಹಕ್ಕಿಯ ಮೇಲೆಯೇ ಹೋಯಿತು. ಕೊನೆಗೆ ನಿಮ್ಮ ಕಡೆಯಿಂದಲೇ ಮಾತು ಬಂತು. ನಮ್ಮ ಬೀದಿಯನ್ನು ಬರೆಯಿರಿ, ಸಾಲು ಮನೆಗಳು, ಮುಂದಿನ ಮೆಟ್ಟಿಲುಗಳು, ಬಾಗಿಲುಗಳೆಲ್ಲ ತೆರೆದಿರಲಿ ಎಂದಿರಿ. ಹ್ಯಾಟಿ ಲೂ ಕೈಚೀಲವನ್ನು ಮೇಜಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡು, “ನನ್ ಮನೆ ಬಾಗಿಲೂ ಇರ್ಲಿ,” ಎಂದಳು. ಅಷ್ಟು ಸಾಕಾಯಿತು.

ಆಮೇಲಿನದು ನಿನಗೆ ಗೊತ್ತು. ಬಣ್ಣ ತುಂಬಿ ಗೋಡೆಗೆ ಅಂಟಿಸಲು ತೆಳು ಬಟ್ಟೆಯ ತೊಂಬತ್ತಾರು ಚೌಕಗಳು. ಯಾವ ಜಾಗಕ್ಕೆ ಯಾವ ಬಣ್ಣ ಎಂದು ಕೊರಿನ್ ಗೆರೆ ಹಾಕಿ ಕಳಿಸಿದಳು, ನೀವು ನಲವತ್ತೊಂದು ಜನ ಒಳಗೆ ತುಂಬಿದಿರಿ. ಬಟ್ಟೆಗಳು ಬಂದ ದಿನ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದೆ. ಬಣ್ಣ ಎಲ್ಲೂ ಗೆರೆ ದಾಟಿರಲಿಲ್ಲ. ಹೊರಗೆ ನಾವು ತುಂಬಿದ್ದವು ಅದರ ಮುಂದೆ ಕೊಳಕಾಗಿದ್ದವು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೊಗಳಿಕೆ ನನ್ನ ಬಾಯಿಂದ ಸುಲಭವಾಗಿ ಬರುವುದಿಲ್ಲ.

ಪ್ರತಿ ಬಟ್ಟೆಗೂ ಸುತ್ತ ಮೂರು ಬೆರಳಗಲ ಬಿಳಿ ಅಂಚಿತ್ತು. ಒಂದರ ಅಂಚು ಇನ್ನೊಂದರ ಕೆಳಗೆ ಹೋಗಬೇಕು ಎಂದು ಕೊರಿನ್ ಹೇಳಿದ್ದಳು. ನನಗೆ ಸಿಟ್ಟು ಬಂತು. ಒಂದರ ಮೇಲೊಂದು ಕೂತರೆ ದಿಂಡು ಏಳುತ್ತದೆ, ಸಂಜೆ ಬಿಸಿಲಿಗೆ ನೆರಳು ಬಿದ್ದು ಗೋಡೆ ಪೂರ್ತಿ ಗೆರೆ ಕಾಣುತ್ತದೆ. ಐವತ್ತು ವರ್ಷ ಈ ಕಸುಬು ಮಾಡಿದವನಿಗೆ ನಿನ್ನೆ ಮೊನ್ನೆಯ ಹುಡುಗಿ ಹೇಳಿಕೊಡುವುದೇ? ಯಾರನ್ನೂ ಕೇಳಲಿಲ್ಲ. ಉಕ್ಕಿನ ಪಟ್ಟಿ ಇಟ್ಟು, ಹೊಸ ಅಲಗಿನ ಚಾಕು ಹಿಡಿದು, ಒಂದು ವಾರದಲ್ಲಿ ತೊಂಬತ್ತಾರರ ಅಂಚೂ ಕತ್ತರಿಸಿದೆ. ಚಿತ್ರದ ಮೇಲೆಯೇ ಕಣ್ಣಿಟ್ಟು ಕತ್ತರಿಸಿದೆ. ಒಂದನ್ನೂ ತಿರುಗಿಸಿ ಹಿಂಬದಿ ನೋಡಲಿಲ್ಲ. ಕತ್ತರಿಸಿದ ಪಟ್ಟಿಗಳು ಕಸದ ಚೀಲಕ್ಕೆ ಹೋದವು, ಗುರುವಾರ ಕಸದ ಗಾಡಿಗೆ ಹೋದವು. ಮೊದಲ ಮೂವತ್ತು ಚೌಕ ಗೋಡೆಗೆ ಹತ್ತಿದವು. ಕೂಡು ಎಲ್ಲಿದೆ ಎಂದು ಯಾರೂ ಬೆರಳಿಟ್ಟು ತೋರಿಸಲಾರರು. ಸಾರುವೆಯ ಕೆಳಗೆ ನಿಂತು ನೋಡಿ ಹೆಮ್ಮೆಪಟ್ಟೆ.

ಆ ಭಾನುವಾರ ನೀನು ಅಕ್ಕನಿಗೆ ಫೋನ್ ಮಾಡಿದಾಗ ನಾನು ಅಲ್ಲೇ ಇದ್ದೆ, ಊಟಕ್ಕೆ ಕರೆದಿದ್ದಳು. “ಅಂಚೆಲ್ಲ ಸರಿಯಾಗಿ ಒಳಗೆ ಕೂತ್ವಾ?” ಎಂದು ನೀನು ಕೇಳಿದೆ. “ಅಂಚೆಲ್ಲಿ ಬಂತು, ನಮ್ ಪರ್ನೆಲಣ್ಣ ಎಷ್ಟ್ ಚೆಂದ ಕತ್ತರಿಸಿದಾನೆ ಗೊತ್ತಾ,” ಎಂದಳು ಪಾಪ. ಅಷ್ಟರಲ್ಲಿ ಇನ್ನು ಒಂದು ನಿಮಿಷ ಉಳಿದಿದೆ ಎಂದು ಜೈಲಿನ ಫೋನಿನ ಯಂತ್ರದ ಹೆಣ್ಣುದನಿ ಹೇಳಿತು. ಆ ಒಂದು ನಿಮಿಷದಲ್ಲಿ ನೀನು ಹೇಳಿದೆ. ಚಿತ್ರದ ಮೇಲೆ ಹೆಸರು ಹಾಕಬಾರದು ಎಂದು ನಿಮಗೆ ಹೇಳಿದ್ದರು. ಹಿಂದುಗಡೆ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದರೆ ಅಡ್ಡಿಯಿಲ್ಲ, ಹೇಗೂ ಮುಚ್ಚಿಹೋಗುತ್ತದೆ ಎಂದು ಅಧಿಕಾರಿ ಬಿಟ್ಟಿದ್ದ. ನಲವತ್ತೊಂದು ಜನರೂ ಬರೆದಿರಿ. ಯಾರಿಗೂ ಕಾಣದಿದ್ದರೂ ಹೆಸರಾದರೂ ಹೊರಗಿನ ಗೋಡೆಯಲ್ಲಿರುತ್ತದೆ ಎಂದು ಬರೆದಿರಿ. ಚಿತ್ರ ತೋರಿಸುವ ದಿನ ಆ ಗುಟ್ಟನ್ನು ನಮಗೆ ತಿಳಿಸಬೇಕೆಂದಿದ್ದಿರಿ.

ವರ್ಲೀನ್ ತಟ್ಟೆ ತೆಗೆದುಕೊಂಡು ಒಳಗೆ ಹೋದಳು. ಬೈದವಳು ಹ್ಯಾಟಿ ಲೂ. “ಈ ಮುದುಕನಿಗೆ ಗೋಡೆ ಕಾಣುತ್ತೆ, ಮನುಷ್ಯರು ಕಾಣಲ್ಲ,” ಎಂದಳು, ಎಲ್ಲರ ಮುಂದೆ.

ಅವಳಿಗೆ ಗೊತ್ತಿಲ್ಲದ ಒಂದು ಮಾತಿದೆ, ರೊಡೆಲ್. ನಮ್ಮ ಕಸುಬಿನವರಿಗೊಂದು ಪದ್ಧತಿ. ಕಾಗದ ಅಂಟಿಸುವ ಮೊದಲು ಬರಿ ಗಾರೆಯ ಮೇಲೆ ಪೆನ್ಸಿಲಿನಲ್ಲಿ ನಮ್ಮ ಹೆಸರು, ತಾರೀಖು ಬರೆಯುತ್ತೇವೆ. ಮನೆಯ ಒಡೆಯನಿಗೆ ಅದು ತಿಳಿಯುವುದಿಲ್ಲ. ಮೂವತ್ತು ನಲವತ್ತು ವರ್ಷದ ಮೇಲೆ ಹಳೆಯ ಕಾಗದ ಕೀಳುವ ಇನ್ನೊಬ್ಬ ಕೆಲಸಗಾರ ನೋಡುತ್ತಾನೆ. ನನ್ನನ್ನು ಹಿಂಬಾಗಿಲಿನಿಂದ ಒಳಗೆ ಬಿಟ್ಟ ಎಷ್ಟೋ ದೊಡ್ಡ ಮನೆಗಳ ಗೋಡೆಯೊಳಗೆ ಇವತ್ತಿಗೂ ನನ್ನ ಹೆಸರಿದೆ. ಐವತ್ತು ವರ್ಷ ನಾನು ಮಾಡಿದ್ದನ್ನೇ ನೀವೂ ಮಾಡಿದಿರಿ. ಅದನ್ನು ಕತ್ತರಿಸಿ ಕಸಕ್ಕೆ ಹಾಕಿದವನು ನಾನು.

ನನ್ನ ವ್ಯಾನಿನ ನೆಲದಲ್ಲಿ, ಗೋಂದಿನ ಬಕೆಟ್ಟಿಗೆ ಮೆತ್ತಿಕೊಂಡು, ಒಂದೇ ಒಂದು ಪಟ್ಟಿ ಉಳಿದಿತ್ತು. ಅದು ನಿನ್ನದು. “ರೊಡೆಲ್ ವ್ಯಾನ್ಸ್” ಎಂದಿತ್ತು. ಅದರ ಕೆಳಗೆ, “ಕ್ಲೆಮೆಂಟ್ ರೂಕ್, ಹತ್ತೊಂಬತ್ತು ವರ್ಷ. ನನ್ನ ಕೈಯಿಂದ ಸತ್ತವನು” ಎಂದಿತ್ತು.

ಅದನ್ನು ಹಿಡಿದು ವ್ಯಾನಿನಲ್ಲಿ ಕೂತೆ. ಕೋರ್ಟಿನಲ್ಲಿ ಒಂಬತ್ತು ದಿನ ನಾನು ನನ್ನ ಮಗಳನ್ನು ಕೊಂದವನ ಬೆನ್ನ ಹಿಂದೆಯೇ ಕೂತಿದ್ದೆ. ಅವನು ಒಂದು ಸಲವೂ ಅವಳ ಹೆಸರು ಹೇಳಲಿಲ್ಲ. ವಕೀಲರು ‘ಮೃತಳು’ ಎಂದರು, ನ್ಯಾಯಾಧೀಶರೂ ಹಾಗೇ ಅಂದರು. ಆಮೇಲೆ ಅವನನ್ನು ಒಳಗೆ ಹಾಕಿದರು. ಇಪ್ಪತ್ತೆರಡು ವರ್ಷ ಅವನಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕಿದ್ದಾರೆ, ಬೀಗ ಹಾಕಿದ್ದಾರೆ. ಜೆಸ್ಸಲಿನ್ ಎಂದು ಹೇಳು ಎಂದು ಯಾರೂ ಅವನನ್ನು ಕೇಳಿಲ್ಲ. ನ್ಯಾಯವಾಯಿತು, ಮನೆಗೆ ಹೋಗು ಎಂದು ನನಗೆ ಹೇಳಿದರು. ನಾನೂ ಹೋದೆ. ನಿನ್ನನ್ನೂ ಯಾರೂ ಕೇಳಿರಲಾರರು. ಕೇಳದೆಯೇ ನೀನು ಬರೆದೆ, ಯಾರಿಗೂ ಕಾಣದ ಜಾಗದಲ್ಲಿ. ಜೈಲೇ ಬೇಡ ಎನ್ನುವ ಮಾತಿಗೆ ನಾನು ಇನ್ನೂ ಹೂಂ ಅಂದಿಲ್ಲ, ಸುಳ್ಳೇಕೆ. ಆದರೆ ಆ ಹುಡುಗಿಯರು ಕೇಳುತ್ತಿದ್ದರಲ್ಲ, ಈ ಬೀಗದಿಂದ ನಿಮಗೆ ಏನು ಸಿಕ್ಕಿತು ತಾತ ಎಂದು, ಆಗೆಲ್ಲ ನಾನು ಗದರಿಸಿ ಕೂರಿಸುತ್ತಿದ್ದೆ. ಈಗ ಗದರಿಸುವುದಿಲ್ಲ.

ನೀವು ನಲವತ್ತೊಂದು ಜನ ಕುಂಚ ಕೆಳಗಿಟ್ಟಿದ್ದೀರಿ, ಮುಂದಿನ ಗೋಡೆಗೆ ಕೈ ಹಚ್ಚುವುದಿಲ್ಲ ಎಂದಿದ್ದೀರಿ ಎಂದು ಕೇಳಿದೆ. ಸರಿಯಾಗಿಯೇ ಮಾಡಿದ್ದೀರಿ. ಆದರೆ ಆ ಮೇಜು ನನ್ನ ಚಾಕುವಿನಿಂದ ಮುರಿಯಬಾರದು. ಹ್ಯಾಟಿ ಲೂ ಮತ್ತು ನಿನ್ನ ಅಕ್ಕ ಮೊದಲ ವರ್ಷ ಮಾತಾಡುತ್ತಿರಲಿಲ್ಲ. ಈಗ ಒಂದೇ ಸ್ಕಾರ್ಫನ್ನು ಇಬ್ಬರೂ ಹಾಕಿಕೊಳ್ಳುತ್ತಾರೆ. ಆ ನಂಟು ಕಟ್ಟಲು ಮೂರು ವರ್ಷ ಹಿಡಿದಿದೆ.

ಉಳಿದ ಅರವತ್ತಾರು ಚೌಕ ಇನ್ನೂ ಹತ್ತಿಲ್ಲ. ಅಷ್ಟು ಗಾರೆ ಬರಿದಾಗಿದೆ. ನಲವತ್ತೊಂದು ಹೆಸರನ್ನೂ, ಅವುಗಳ ಜೊತೆ ನೀವು ಬರೆದಿರಬಹುದಾದ ಬೇರೆ ಹೆಸರುಗಳನ್ನೂ, ಆ ಗಾರೆಯ ಮೇಲೆ ನನ್ನ ಕೈಯಾರೆ ಬರೆದು ಆಮೇಲೆ ಬಟ್ಟೆ ಅಂಟಿಸುತ್ತೇನೆ. ಹೆಸರು ಬೇಕಾದರೆ ಕತ್ತರಿಸಿದವನೇ ಬಂದು ಕೇಳಲಿ ಎಂದೆಯಲ್ಲ, ಬರುತ್ತೇನೆ. ಜೈಲಿನ ಮೆಟ್ಟಿಲು ಹತ್ತುವುದಿಲ್ಲ ಎಂದು ಹೆಂಡತಿಯ ಮುಂದೆ ಆಣೆ ಮಾಡಿದ್ದೆ. ಅವಳು ಈಗಿಲ್ಲ. ಇದ್ದಿದ್ದರೆ ಅವಳೇ ಕೋಟು ತೆಗೆದುಕೊಡುತ್ತಿದ್ದಳು. ತಿಂಗಳ ಎರಡನೇ ಶನಿವಾರ ಜೈಲಿಗೆ ಮನೆಯವರ ಬಸ್ಸು ಹೊರಡುತ್ತದೆ, ವರ್ಲೀನ್ ತನ್ನ ಪಕ್ಕದ ಸೀಟು ನನಗೆ ಹಿಡಿದಿದ್ದಾಳೆ. ಭೇಟಿಯ ಕೋಣೆಗೆ ಪೆನ್ನು, ಕಾಗದ ಬಿಡುವುದಿಲ್ಲವಂತೆ. ಬೇಕಾಗಿಲ್ಲ. ನೀನು ಹೇಳು, ನಾನು ತಲೆಯಲ್ಲಿ ಇಟ್ಟುಕೊಳ್ಳುತ್ತೇನೆ. ಒಂದು ಭೇಟಿಗೆ ಐದು ಜನರ ಪಾಲು, ಅದಕ್ಕಿಂತ ಹೆಚ್ಚು ಬೇಡ, ತಪ್ಪಾದೀತು. ಎಂಟೊಂಬತ್ತು ತಿಂಗಳಾಗುತ್ತದೆ. ಆಗಲಿ. ಚಿತ್ರ ತೋರಿಸುವ ದಿನ ಮುಂದಕ್ಕೆ ಹೋಗಲಿ ಎಂದು ಮೇಜಿನಲ್ಲಿ ಎಲ್ಲರೂ ಒಪ್ಪಿದ್ದಾರೆ. ಜಗಳವಿಲ್ಲದೆ ಒಪ್ಪಿದ್ದು ಅದೊಂದನ್ನೇ.

ಇಷ್ಟು ಮಾಡು: ನಿನ್ನನ್ನು ಕಾಣಲು ಬರುವವರ ಪಟ್ಟಿಯಲ್ಲಿ ನನ್ನ ಹೆಸರು ಹಾಕಿಸು. ಮೊದಲ ಸಲ ಬಂದಾಗ ಕ್ಲೆಮೆಂಟ್ ರೂಕ್ ಎಂಥ ಹುಡುಗನಾಗಿದ್ದ, ನಿನಗೆ ಗೊತ್ತಿರುವಷ್ಟು ಹೇಳು. ನಾನು ಜೆಸ್ಸಲಿನ್ ವಿಷಯ ಹೇಳುತ್ತೇನೆ. ಆಮೇಲೆ ಹೆಸರುಗಳಿಗೆ ಬರೋಣ.

ಆ ಕೆಲಸ ಮುಗಿಯುವ ತನಕ ದೇವರು ನಿನ್ನನ್ನೂ ಉಳಿದ ನಲವತ್ತು ಜನರನ್ನೂ ಆರೋಗ್ಯವಾಗಿಟ್ಟಿರಲಿ. ನನ್ನ ನೆನಪನ್ನೂ ನೆಟ್ಟಗಿಟ್ಟಿರಲಿ.

ಕತ್ತರಿಸಿದವನು,
ಪರ್ನೆಲ್ ಗ್ಯಾಸ್ಕಿನ್ಸ್