ಕುರ್ಚಿಗೆ ತೂಗುಹಾಕಿದ ಕೋಟಿನ ಸಮ್ಮುಖದಲ್ಲಿ ನಡೆದ ಮದುವೆ

ಇದ್ದೂ ಇಲ್ಲದ, ಇಲ್ಲದೆಯೂ ಇರುವ ಮಾನ್ಯ ವಿವಾಹ ನೋಂದಣಾಧಿಕಾರಿಗಳೇ,

ನನ್ನ ಚಿಕ್ಕಮ್ಮನ ಮದುವೆಯನ್ನು ತಾವು ರದ್ದು ಮಾಡಿದ್ದೀರಿ. ಕಂಪ್ಯೂಟರಿನಲ್ಲಿ 'ಒಪ್ಪಿಗೆ' ಒತ್ತಿದ್ದು ಅಧಿಕಾರಿಯ ಕೈಯಲ್ಲ, ಮದುಮಗಳ ಕೈ ಎಂಬುದು ಕಾರಣ. ನಿಜ, ನಾನೇ ಕಣ್ಣಾರೆ ನೋಡಿದ್ದೇನೆ. ಆದರೆ ಆ ಹೊತ್ತಿನಲ್ಲಿ ತಮ್ಮ ಕೈ ಎಲ್ಲಿತ್ತು ಎಂಬುದೇ ನನ್ನ ತಕರಾರು.

ಚಿಕ್ಕಮ್ಮ ಬಟ್ಟೆ ಹೊಲಿಯುವವಳು. ಎದುರು ಮನೆಯವರು ನಿವೃತ್ತ ಬಸ್ ಚಾಲಕ, ಬೀದಿಗೆಲ್ಲ ಡ್ರೈವರಣ್ಣ. ಅವಳ ಕಣ್ಣು ಮಂಜಾದಂದಿನಿಂದ ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದವರು ಅವರೇ. ಇಬ್ಬರಿಗೂ ಮದುವೆಯ ಗೊಡವೆ ಇರಲಿಲ್ಲ. ಆದರೆ ಡ್ರೈವರಣ್ಣನ ಎದೆಗೆ ಆಪರೇಷನ್ ಆಗಬೇಕಾಯಿತು. ಹಾಸಿಗೆಯ ಪಕ್ಕ ಕೂರಲು ಹೆಂಡತಿಗೆ ಅಥವಾ ರಕ್ತಸಂಬಂಧಿಗೆ ಮಾತ್ರ ಅವಕಾಶ ಎಂದರು ಆಸ್ಪತ್ರೆಯವರು. ರಕ್ತಸಂಬಂಧಿಗಳು ಅವರಿಗೆ ಯಾರೂ ಇಲ್ಲ. "ಹಾಗಾದ್ರೆ ಹೆಂಡ್ತೀನೇ ಆಗ್ತೀನಿ, ಅದಕ್ಕೇನಂತೆ?" ಎಂದಳು ಚಿಕ್ಕಮ್ಮ. ಅವಳು ನಾಚಿಕೊಂಡದ್ದನ್ನು ನಾನು ಕಂಡದ್ದು ಅದೇ ಮೊದಲು.

ಹೀಗೆ ನಾವು ತಮ್ಮ ಕಚೇರಿಗೆ ಬಂದೆವು. ತಮ್ಮ ಕಂಪ್ಯೂಟರ್ ಮೇಜಿನ ಮೇಲಿತ್ತು, ಕೋಟು ಕುರ್ಚಿಯ ಬೆನ್ನಿಗಿತ್ತು, ತಾವು ಮನೆಯಲ್ಲಿದ್ದಿರಿ. ರಿಮೋಟ್ ಡೆಸ್ಕ್‌ಟಾಪ್ ಎಂಬ ತಂತ್ರಾಂಶದಿಂದ ಮನೆಯಲ್ಲೇ ಕೂತು ಕಚೇರಿಯ ಕಂಪ್ಯೂಟರನ್ನು ಆಡಿಸುವುದು ತಮ್ಮ ಪದ್ಧತಿಯಂತೆ. ಪರದೆಯ ಮೇಲೆ ಮೌಸಿನ ಬಾಣ ತಾನಾಗಿ ಅಲ್ಲಾಡಿತು. ಜವಾನರು ಧಡಕ್ಕನೆ ಎದ್ದು ನಿಂತರು. "ಸಾಹೇಬ್ರು ಬಂದ್ರು, ಎಲ್ರೂ ಎದ್ದೇಳಿ." ಡ್ರೈವರಣ್ಣ ಎದೆ ಹಿಡಿದುಕೊಂಡು ಎದ್ದರು. ಬಾಣಕ್ಕೆ ನಮಸ್ಕಾರ ಮಾಡಬೇಕೋ ಬೇಡವೋ ತಿಳಿಯದೆ ನಾನು ಮಾಡಿಬಿಟ್ಟೆ.

ಪಾರದರ್ಶಕತೆಯ ಸಲುವಾಗಿ ಪರದೆ ಸಾರ್ವಜನಿಕರ ಕಡೆಗೇ ತಿರುಗಿರಬೇಕು ಎಂಬ ತಮ್ಮ ಆದೇಶ ಗೋಡೆಯ ಮೇಲಿದೆ. ಮನೆಯಲ್ಲಿ ಕೂತವರಿಗೆ ಅದು ಮರೆತುಹೋಗುವುದು ಸಹಜ. ಹಾಗಾಗಿ ಬಾಣ ಇಬ್ಬರ ಹೆಸರನ್ನೂ ನೋಡಿ, 'ಒಪ್ಪಿಗೆ'ಯ ಹತ್ತಿರ ಬಂದು, ಅಲ್ಲಿಂದ ಮೆಲ್ಲಗೆ ಮೂಲೆಗೆ ಸರಿದು ಇಸ್ಪೀಟಿನ ಆಟ ತೆರೆದದ್ದನ್ನು ಇಡೀ ಕೊಠಡಿ ನೋಡಿತು. ಹಿಂದೆ ನಿಂತಿದ್ದ ಬಡಗಿಯೊಬ್ಬರಿಗೆ ತಡೆಯಲಾಗಲಿಲ್ಲ. "ಕೆಂಪು ಒಂಬತ್ತು ಎತ್ತಿ ಕರೀ ಹತ್ತರ ಮೇಲಿಡಿ ಸಾರ್!" ತಾವು ಇಡಲಿಲ್ಲ. ಸೋತಿರಿ. ಹೊಸದಾಗಿ ಎಲೆ ಹಂಚಿಕೊಂಡಿರಿ.

ಮಧ್ಯಾಹ್ನದೊಳಗೆ ಹೋಗದಿದ್ದರೆ ಆಸ್ಪತ್ರೆಯ ಹಾಸಿಗೆ ಬೇರೆಯವರ ಪಾಲಾಗುತ್ತಿತ್ತು. ಸಾಹೇಬರಿಗೆ ಫೋನ್ ಮಾಡಿ ಎಂದು ಜವಾನರನ್ನು ಅಂಗಲಾಚಿದೆ. "ಸಾಹೇಬ್ರು ಆಫೀಸಲ್ಲಿರೋವಾಗ ಮನೆಗೆ ಫೋನ್ ಮಾಡೋ ಹಾಗಿಲ್ಲ," ಎಂದರು. ಆಗ ಚಿಕ್ಕಮ್ಮ ನೇರ ಮೇಜಿನ ಹತ್ತಿರಕ್ಕೆ ನಡೆದಳು.

"ಅಯ್ಯೋ ಮುಟ್ಬೇಡಿ ಅಮ್ಮಾ, ಅದರ ಮೇಲೆ ಸಾಹೇಬ್ರ ಕೈ ಇದೆ!"

"ಇದ್ರೆ ತೋರ್ಸಪ್ಪ," ಎಂದು ಅವಳು ಮೌಸು ಹಿಡಿದಳು.

ತಾವು ಎಡಕ್ಕೆ ಎಳೆದಿರಿ, ಅವಳು ಬಲಕ್ಕೆ. ಜಾರುವ ರೇಷ್ಮೆಯನ್ನು ಸೂಜಿಯಡಿ ನೆಟ್ಟಗೆ ನಡೆಸಿದ ಕೈ ಅದು. "ಹಿಡಿದ್ಳು ಅಂದ್ರೆ ಬಿಡೋಳಲ್ಲ ಇವಳು," ಎಂದರು ಡ್ರೈವರಣ್ಣ, ಹೆಮ್ಮೆಯಿಂದ. ಆಟ ಮುಚ್ಚಿತು, 'ಒಪ್ಪಿಗೆ' ಬಿತ್ತು, ಪ್ರಿಂಟರು ಪ್ರಮಾಣಪತ್ರ ಉಗುಳಿತು. ಜವಾನರೂ ಚಪ್ಪಾಳೆ ತಟ್ಟಿದರು, ಮೇಜಿನ ಕೆಳಗೆ.

ಆಪರೇಷನ್ ಸುಸೂತ್ರವಾಯಿತು. ಕಣ್ಣು ಬಿಟ್ಟಾಗ ಡ್ರೈವರಣ್ಣ ಮೊದಲು ಕಂಡದ್ದು ಅವಳನ್ನೇ. ಮಾರನೆಯ ದಿನ ತಮ್ಮ ನೋಟಿಸು ಬಂತು, ಆಸ್ಪತ್ರೆಗೂ ಒಂದು ಪ್ರತಿ. ಈ ಚುರುಕುತನ ಇಸ್ಪೀಟಿನಲ್ಲಿ ಕಾಣಲಿಲ್ಲ. "ಬೇಜಾರ್ ಮಾಡ್ಕೋಬೇಡಿ ಅಮ್ಮಾ, ಈಗ ನೀವು ಹೊರಗಿನೋರು," ಎಂದು ನರ್ಸ್ ಅವಳನ್ನು ಬಾಗಿಲಾಚೆ ಕಳಿಸಿದರು. ಅವಳೀಗ ಮೊಗಸಾಲೆಯ ಬೆಂಚಿನಲ್ಲಿದ್ದಾಳೆ.

ಮದುವೆ ಅಧಿಕಾರಿಯ ಸಮ್ಮುಖದಲ್ಲೇ ಆಗಬೇಕು ಎನ್ನುತ್ತದೆ ನಿಯಮ. ಅಂದು ತಾವು ಇದ್ದಿರಾ? ಇದ್ದಿರಾದರೆ, ಕಣ್ಣೆದುರೇ ಒಬ್ಬ ಹೆಂಗಸು ಮೌಸು ಕಿತ್ತುಕೊಂಡಾಗ "ಏಯ್" ಎಂದಾದರೂ ಏಕೆ ಅನ್ನಲಿಲ್ಲ? ಮೌನಂ ಸಮ್ಮತಿ ಲಕ್ಷಣಂ. ಇರಲಿಲ್ಲವಾದರೆ, ಆ ಕೋಟಿನ ಸಮ್ಮುಖದಲ್ಲಿ ಈವರೆಗೆ ಮದುವೆಯಾದವರ ಗತಿಯೇನು? ಅವರಿಗೆ ಮಕ್ಕಳೂ ಹುಟ್ಟಿಬಿಟ್ಟಿವೆ. ಎರಡು ದೋಣಿಯಲ್ಲಿ ಕಾಲಿಟ್ಟವರು ಯಾವುದಾದರೂ ಒಂದರಲ್ಲಿ ಕೂರಬೇಕಲ್ಲವೇ?

ತಾವು ಕಚೇರಿಗೆ ಬರಬೇಕೆಂದು ನಾನು ಕೇಳುವುದಿಲ್ಲ. ಅಷ್ಟು ದೊಡ್ಡ ಆಸೆ ನನಗಿಲ್ಲ. ಮನೆಯಿಂದಲೇ ರದ್ದು ಮಾಡಿದ್ದನ್ನು ಮನೆಯಿಂದಲೇ ಸರಿಮಾಡಿ. ಎರಡು ಆಟಗಳ ನಡುವೆ ಆಗುವ ಕೆಲಸ. ಡ್ರೈವರಣ್ಣನ ಹಾಸಿಗೆಯ ಪಕ್ಕದಲ್ಲೂ ಈಗ ಒಂದು ಖಾಲಿ ಕುರ್ಚಿ ಇದೆ. ಹೊರಗೆ ಕಳಿಸುವಾಗ ಚಿಕ್ಕಮ್ಮ ತನ್ನ ಸ್ವೆಟರನ್ನು ಅದರ ಬೆನ್ನಿಗೆ ಹಾಕಿ ಬಂದಿದ್ದಾಳೆ. ಡ್ರೈವರಣ್ಣ ಅದನ್ನು ನೋಡುತ್ತಾರೆ, ಆಮೇಲೆ ಬಾಗಿಲ ಕಡೆ ನೋಡುತ್ತಾರೆ. ಬಟ್ಟೆಗೂ ಮನುಷ್ಯರಿಗೂ ಇರುವ ವ್ಯತ್ಯಾಸ ಅವರಿಗೆ ಗೊತ್ತು.

ಇಂತಿ,
ಡ್ರೈವರಣ್ಣನನ್ನು ಚಿಕ್ಕಪ್ಪ ಎನ್ನಲು ತಮ್ಮ ಒಪ್ಪಿಗೆಗಾಗಿ ಕಾದಿರುವ,
ಬಾಣಕ್ಕೆ ಕೈಮುಗಿದವನು