ಮೇಲಿನ ಹುಲ್ಲುಗಾವಲಿನ ಗೇಟು ಮತ್ತು ತಮ್ಮ ಹಸಿರು ಫಲಕ

ಪ್ರಾಂತ್ಯದ ಪ್ರವಾಸೋದ್ಯಮ ಕಾರ್ಯದರ್ಶಿಗಳಿಗೆ,

ಮಾನ್ಯರೇ,

ತಮ್ಮ ಇಲಾಖೆ ನೆಟ್ಟ ಒಂದು ಫಲಕದಿಂದ ನಮ್ಮೂರಿನ ಒಂದು ಹಸು ಸತ್ತಿದೆ. ಬರುವ ಭಾನುವಾರ ಅದೇ ಫಲಕದಿಂದ ತಮ್ಮ ಹೆಮ್ಮೆಯ ಜಲ್ಲಿದಾರಿ ಸೈಕಲ್ ಮಾರ್ಗವೂ ಸಾಯಲಿದೆ. ಹಸುವಿನ ವಿಷಯ ಮಾತ್ರ ಹೇಳಿದರೆ ತಾವು ಪುಟ ತಿರುವಿ ಹಾಕಬಹುದು, ಅದಕ್ಕೇ ಎರಡನ್ನೂ ಒಟ್ಟಿಗೆ ಹೇಳುತ್ತಿದ್ದೇನೆ. ತಮ್ಮ ಕಚೇರಿಗೆ ಬಂದು ಹೇಳಿದ್ದು ತಮ್ಮ ಕಿವಿಗೆ ಬೀಳದ ಕಾರಣ, ಈಗ ಊರಿಗೆಲ್ಲ ಕೇಳುವ ಹಾಗೆ ಪತ್ರಿಕೆಯಲ್ಲಿ ಬರೆಯಬೇಕಾಗಿದೆ.

ನಾನು ಸೈಕಲ್ಲಿನವರ ವೈರಿ ಎಂದು ತಾವು ಎಣಿಸಬಾರದು. ಪಾರಮೋ ಹುಲ್ಲುಬೆಟ್ಟಕ್ಕೆ ಏರುವ ಆ ಮಣ್ಣುರಸ್ತೆಯ ಕೊನೆಯ ತಿರುವಿನಲ್ಲಿರುವ ಅಂಗಡಿ ನನ್ನದೇ. ರಾಜಧಾನಿ ಬೊಗೊಟಾದಿಂದ ಬರುವ ಹುಡುಗ ಹುಡುಗಿಯರು ತುಟಿ ಒಡೆದುಕೊಂಡು, ಕಿವಿಯವರೆಗೆ ಧೂಳು ಮೆತ್ತಿಕೊಂಡು, ನನ್ನ ಬೆಂಚಿನ ಮೇಲೆ ಕುಸಿದು ಕೂರುತ್ತಾರೆ. ಬಿಸಿ ಬೆಲ್ಲದ ನೀರಿಗೆ ಚೀಸಿನ ತುಂಡು ಹಾಕಿ ಕೊಟ್ಟರೆ ಹೋದ ಜೀವ ಬಂದಂತೆ ನಗುತ್ತಾರೆ. "ಅಮ್ಮಾ, ಇನ್ನೂ ಎಷ್ಟು ಏರು ಇದೆ?" ಎಂದು ಕೇಳುತ್ತಾರೆ. "ಇನ್ನೆಲ್ಲಿ, ಇಲ್ಲೇ ಮುಂದೆ" ಎನ್ನುತ್ತೇನೆ. ಈ ಬೆಟ್ಟಗಳಲ್ಲಿ ಎಲ್ಲರೂ ಎಲ್ಲರಿಗೂ ಹೇಳುವ ಸುಳ್ಳು ಅದು. ವಾಪಸು ಬರುವಾಗ ಅವರು ನನ್ನನ್ನು ಬೈದುಕೊಂಡೇ ಇನ್ನೊಂದು ಲೋಟ ಕುಡಿಯುತ್ತಾರೆ. ಅವರು ಬರತೊಡಗಿದ ಮೇಲೆಯೇ ನನ್ನ ಅಂಗಡಿಗೆ ತಗಡಿನ ಬದಲು ಹೆಂಚು ಬಂತು. ಅವರು ಬರುವುದು ನಿಂತರೆ ಮೊದಲು ಅಳುವವಳು ನಾನೇ.

ಈಗ ಗೇಟಿನ ವಿಷಯ. ಅಂಗಡಿ ದಾಟಿ ಮೇಲೆ ಹೋದರೆ ಊರಿನ ಮೇವಿನ ಬೆಟ್ಟಕ್ಕೆ ಒಂದು ಗೇಟಿದೆ. ಗೇಟೆಂದರೆ ತಮ್ಮ ಬಂಗಲೆಯ ಗೇಟಲ್ಲ, ಮುಳ್ಳುತಂತಿಗೆ ನಾಲ್ಕು ಕೋಲು ಬಿಗಿದು ಕಂಬಕ್ಕೆ ಕುಣಿಕೆ ಹಾಕುವಂಥದ್ದು. ಮಳೆಯ ತಿಂಗಳುಗಳಲ್ಲಿ ಮೇಲೆಯೇ ನೀರು ನಿಲ್ಲುತ್ತದೆ, ಆಗ ಅದನ್ನು ಮುಚ್ಚಿಡುತ್ತೇವೆ. ಡಿಸೆಂಬರ್ ದಾಟಿತೆಂದರೆ ಮೇಲೆ ಹನಿ ನೀರಿಲ್ಲ, ಇರುಳಿನ ಹಿಮಕ್ಕೆ ಹುಲ್ಲಿನ ಹಸಿಯೂ ಆರಿಹೋಗುತ್ತದೆ. ಆಗ ಗೇಟು ತೆರೆದೇ ಇರುತ್ತದೆ. ಹಸುಗಳು ಬೆಳಿಗ್ಗೆ ತಾವೇ ಹತ್ತುತ್ತವೆ, ಬಾಯಾರಿದಾಗ ತಾವೇ ಇಳಿದು ಕೆಳಗಿನ ಒರತೆಗೆ ಬರುತ್ತವೆ. ಅದಕ್ಕಾಗಿಯೇ ನಮ್ಮಲ್ಲಿ ಒಂದೇ ಕಟ್ಟಳೆ: ಗೇಟನ್ನು ಹೇಗೆ ಕಂಡೆಯೋ ಹಾಗೇ ಬಿಟ್ಟು ಹೋಗು. ತೆರೆದಿದ್ದರೆ ತೆರೆದೇ ಇರಲಿ, ಮುಚ್ಚಿದ್ದರೆ ದಾಟಿ ಮತ್ತೆ ಮುಚ್ಚು. ನಮ್ಮ ಮಕ್ಕಳು ಹಣೆಗೆ ಶಿಲುಬೆಯ ಗುರುತು ಮಾಡಲು ಕಲಿಯುವ ವಯಸ್ಸಿಗೇ ಇದನ್ನೂ ಕಲಿಯುತ್ತಾರೆ.

ತಾವು ಆ ಗೇಟನ್ನು ನೋಡಿದ್ದು ಜನ್ಮದಲ್ಲಿ ಒಂದೇ ಸಲ, ಹಿಂದಿನ ಒಣಗಾಲದ ಕೊನೆಯಲ್ಲಿ, ಮಾರ್ಗದ ಉದ್ಘಾಟನೆಯ ದಿನ. ಮಡಿಕೆಯೂ ಬಿಚ್ಚದ ಹೊಸ ರುವಾನಾ ಕಂಬಳಿ ಹೊದ್ದು ಜೀಪಿನಿಂದ ಇಳಿದಿರಿ. ಫೋಟೊದವನಿಗಾಗಿ ಯಾರದೋ ಸೈಕಲ್ಲಿನ ಮೇಲೆ ಕೂತಿರಿ. ಹಿಂದಿನಿಂದ ಇಬ್ಬರು ಸೀಟು ಹಿಡಿದುಕೊಂಡಿದ್ದರು, ಫೋಟೊದಲ್ಲಿ ಅವರು ಕಾಣುವುದಿಲ್ಲ. ಆ ದಿನ ಗೇಟು ಮುಚ್ಚಿತ್ತು ನಿಜ. ಯಾಕೆಂದು ಬಲ್ಲಿರಾ? ತಾವು ಕತ್ತರಿಸುವ ರಿಬ್ಬನ್ನನ್ನು ಕಟ್ಟುವುದಕ್ಕೆ ಬೇರೆ ಜಾಗವಿರಲಿಲ್ಲ, ಹಾಗಾಗಿ ನಾವೇ ಮುಚ್ಚಿದ್ದೆವು. ತಾವು ಅದನ್ನೇ ಶಾಶ್ವತವೆಂದು ತಿಳಿದಿರಿ ಎಂದು ಕಾಣುತ್ತದೆ. ಮುಂದಿನ ತಿಂಗಳೇ ಪ್ರಾಂತ್ಯದ ಲಾಂಛನ ಹೊತ್ತ ಹಸಿರು ಫಲಕ ಬಂದು ನಿಂತಿತು: "ಗೌರವಾನ್ವಿತ ಸವಾರರೇ, ರೈತರ ಹಿತಕ್ಕಾಗಿ ಈ ಗೇಟನ್ನು ಸದಾ ಮುಚ್ಚಿಡಿ." ರೈತರ ಹಿತ! ಅದು ಯಾವುದೆಂದು ಕೇಳಲು ರೈತರೊಬ್ಬರೂ ತಮಗೆ ಸಿಗಲಿಲ್ಲವೇ? ಅಂದು ನಮ್ಮ ಮನೆಯ ಹುರಿದ ಹಂದಿಮಾಂಸ ತಿಂದು ಬೆರಳು ನೆಕ್ಕಿಕೊಂಡವರು ಯಾರ ನಡುವೆ ಕೂತಿದ್ದರು?

ಮಳೆಗಾಲದಲ್ಲಿ ಫಲಕದಿಂದ ತೊಂದರೆಯಾಗಲಿಲ್ಲ. ಒಣಗಾಲ ಬಂತು. ಒಂದು ಮಧ್ಯಾಹ್ನ ಬೊಗೊಟಾದ ಹುಡುಗಿಯೊಬ್ಬಳು ನನ್ನ ಬೆಂಚಿನ ಮೇಲೆ ಕೂತು ಸಂಭ್ರಮದಿಂದ ಹೇಳಿದಳು:

"ಅಮ್ಮಾ, ಯಾರೋ ಬೇಜವಾಬ್ದಾರಿ ಜನ ಮೇಲಿನ ಗೇಟು ತೆಗೆದಿಟ್ಟು ಹೋಗಿದ್ರು. ನಾನೇ ಇಳಿದು ಹಾಕ್ಬಿಟ್ಟು ಬಂದೆ."

"ಅಯ್ಯೋ ನನ್ನ ತಾಯೀ, ಯಾಕೆ ಹಾಕ್ದೆ?"

"ಬೋರ್ಡ್ ಇದೆಯಲ್ಲಮ್ಮ!"

ಒಲೆ ಆರಿಸಿ, ಅವಳನ್ನೂ ಕರೆದುಕೊಂಡು ಹತ್ತಿದೆ. ತಂತಿಯ ಆಚೆ ಹಸುಗಳೆಲ್ಲ ಗುಂಪಾಗಿ ನಿಂತು, ಕೆಳಗಿನ ನೀರಿನ ವಾಸನೆಗೆ ಮೂಗು ಚಾಚಿ ಕೂಗುತ್ತಿದ್ದವು. ಹುಡುಗಿಯೇ ಕುಣಿಕೆ ಬಿಚ್ಚಿ, ಅತ್ತುಕೊಂಡು, ಹಸುಗಳಿಗೆ ಕ್ಷಮಿಸಿ ಎಂದಳು. ಅವು ಅವಳನ್ನು ತಳ್ಳಿಕೊಂಡು ಒರತೆಗೆ ಓಡಿದವು.

ಮರುದಿನದಿಂದ ಕುಸ್ತೋದಿಯೋ ಸಿಚಕಾ ಗೇಟಿನ ಪಕ್ಕ ಕೂರತೊಡಗಿದ. ಅವನು ನನ್ನ ನೆರೆಯವನು, ಹೆಂಡತಿ ತೀರಿಕೊಂಡವನು, ಹಾಲು ಕೊಡುವ ಒಂದೇ ಹಸುವಿನಿಂದ ಬದುಕುವವನು. ಆ ಹಸುವಿನ ಹೆಸರು ಗೊಲೊಂದ್ರೀನಾ, ಆಗ ಅವಳು ಗಬ್ಬವಾಗಿದ್ದಳು. ಸವಾರ ಬಂದು ಫಲಕ ಓದಿ ಗೇಟು ಮುಚ್ಚುವುದು, ಅವನು ತಿರುವು ದಾಟಿದ ಕೂಡಲೇ ಕುಸ್ತೋದಿಯೋ ಎದ್ದು ತೆರೆಯುವುದು, ಇದೇ ದಿನವಿಡೀ ಕೆಲಸ. ಕೆಲವರು ತಿರುಗಿ ನೋಡಿ, "ತಾತಾ, ಬೋರ್ಡ್ ಓದೋಕ್ಕೆ ಬರಲ್ವಾ?" ಎಂದು ಗದರಿಸಿದ್ದೂ ಉಂಟು.

ನಾನು ಬಸ್ಸು ಹಿಡಿದು ತಮ್ಮ ಕಚೇರಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ. ತಮ್ಮ ಗುಮಾಸ್ತ ಒಳ್ಳೆಯ ಹುಡುಗ, ಕುರ್ಚಿ ಕೊಟ್ಟ.

"ನೋಡಿ ಅಮ್ಮ, ಆ ಬೋರ್ಡನ್ನ ಪರದೇಶದ ತಜ್ಞರು ಬರೆದಿದ್ದು. ಅವರ ದೇಶದಲ್ಲಿ ಎಲ್ಲಾ ಗೇಟಿಗೂ ಹಾಗೇ ಇರತ್ತಂತೆ."

"ಅವರ ದೇಶದ ಹಸುಗಳಿಗೆ ಬಾಯಾರಿಕೆ ಆಗಲ್ವಾ ಮಗಾ?"

"ಅದು ನಂಗೊತ್ತಿಲ್ಲಮ್ಮ. ಸಾಹೇಬ್ರ ಕಿವಿಗೆ ಹಾಕ್ತೀನಿ."

ಹಾಕಿದನೋ ಇಲ್ಲವೋ, ದೇವರಿಗೇ ಗೊತ್ತು. ಇನ್ನೊಂದು ಸಲ ಬಂದಾಗ ತಾವು ಪರದೇಶದಲ್ಲೇ ಇದ್ದಿರಿ, ಸೈಕಲ್ ಪ್ರವಾಸೋದ್ಯಮದ ಸಮ್ಮೇಳನದಲ್ಲಿ. ನಮ್ಮ ಗೇಟಿನ ಫೋಟೊ ಅಲ್ಲಿ ಚಪ್ಪಾಳೆ ಗಿಟ್ಟಿಸಿತಂತೆ.

ಕಡೆಗೆ ಕುಸ್ತೋದಿಯೋ ತನ್ನ ಹಾಲಿನ ಕ್ಯಾನಿನ ಮುಚ್ಚಳ ತೆಗೆದು, ಅದರ ಮೇಲೆ ಬಿಳಿ ಬಣ್ಣದಲ್ಲಿ "ಕಂಡ ಹಾಗೇ ಬಿಡಿ, ಹಸು ನೀರಿಗೆ ಬರಬೇಕು" ಎಂದು ಬರೆದು, ತಮ್ಮ ಫಲಕದ ಕೆಳಗೆ ತಂತಿಯಲ್ಲಿ ಬಿಗಿದ. ಸವಾರರು ಅದನ್ನು ಓದಿ, ಅವನ ಕೈಕುಲುಕಿ, ಗೇಟನ್ನು ಮುಟ್ಟದೆ ಹೋಗತೊಡಗಿದರು. ಒಂದು ತಗಡಿನ ಮುಚ್ಚಳದಿಂದ ಕೆಲಸ ಸಲೀಸಾಯಿತು. ಆ ಒಂದಷ್ಟು ದಿನ ನನಗೂ ನಿದ್ದೆ ಬಂತು.

ಹೆಂಡತಿಯ ವರ್ಷದ ಪೂಜೆಗೆ ಕುಸ್ತೋದಿಯೋ ಬೆಳಿಗ್ಗೆ ಗೇಟು ತೆರೆದಿಟ್ಟು ಪೇಟೆಯ ಚರ್ಚಿಗೆ ಇಳಿದ. ಅವನು ಹೋದ ಹಿಂದೆಯೇ ತಮ್ಮ ಇಲಾಖೆಯ ಜೀಪು ಹತ್ತಿತು. ಮಾರ್ಗವನ್ನೆಲ್ಲ ನೋಡಿ, ಮಧ್ಯಾಹ್ನ ದಾಟಿದ ಮೇಲೆ ವಾಪಸು ಹೋಗುವಾಗ ನನ್ನ ಅಂಗಡಿಯಲ್ಲಿ ಕಾಫಿ ಕುಡಿದವರೇ ಹೇಳಿದರು, "ಮೇಲೆ ಯಾವನೋ ತಗಡು ಕಟ್ಟಿದ್ದ, ಅನುಮತಿ ಇಲ್ಲದ್ದು. ಕಿತ್ಕೊಂಡು ಬಂದ್ವಿ. ಗೇಟೂ ಹಾಕಿದ್ವಿ." ನಾನು ಚೀರಿ, ಲೋಟಗಳನ್ನು ಅಲ್ಲೇ ಬಿಟ್ಟು ಓಡಿದೆ. ನಾನು ಮುಟ್ಟುವಷ್ಟರಲ್ಲಿ ಗೊಲೊಂದ್ರೀನಾ ನೀರಿನ ಆಸೆಗೆ ಬೇಲಿಯ ಬದಿಯಲ್ಲಿ, ಕೊರಕಲಿನ ಅಂಚಿನಿಂದ ನುಸುಳಲು ಹೋಗಿದ್ದಳು. ತುಂಬಿದ ಹೊಟ್ಟೆ, ಒಣಗಿದ ಮಣ್ಣು, ಅಂಚು ಜರಿದಿತ್ತು. ಅವಳೂ ಹೊಟ್ಟೆಯೊಳಗಿನ ಕರುವೂ ಅಲ್ಲೇ ಮುಗಿದರು. ಸಂಜೆ ಹೊಸ ಅಂಗಿಯಲ್ಲಿ ಬಂದ ಕುಸ್ತೋದಿಯೋ ಕೊರಕಲಿಗೆ ಇಳಿದು, ಅವಳ ಕಿವಿಯ ಮೇಲಿನ ಮಣ್ಣು ಒರೆಸಿದ.

ಊರಿನ ಸಭೆ ಸೇರಿತು. ಬೆಟ್ಟ ಊರಿನದು, ದಾರಿಗೆ ಸರಪಳಿ ಹಾಕಿ ಬೀಗ ಜಡಿದು ಸೈಕಲ್ಲಿನವರನ್ನು ನಿಲ್ಲಿಸಬೇಕೆಂದು ಸಭೆಯ ಮುಖ್ಯಸ್ಥೆ ಬೆಲಾರ್ಮಿನಾ ಹೇಳಿದಳು. ಬೇಡ ಎಂದು ಮೊದಲು ಎದ್ದವನು ಯಾರು ಬಲ್ಲಿರಾ? ಕುಸ್ತೋದಿಯೋ.

"ಓದೋಕ್ಕೆ ಬರೋ ಮಕ್ಕಳು, ಬರೆದಿದ್ದನ್ನ ನಂಬಿದ್ರು. ಅವರ ಮೇಲೆ ಬೀಗ ಹಾಕಿದ್ರೆ ನನ್ನ ಹಸು ಎದ್ದು ಬರುತ್ತಾ?"

"ನಿಂದು ಹೋಯ್ತು ಅಣ್ಣ. ನನ್ನವು ಇನ್ನೂ ಇವೆ," ಎಂದಳು ಬೆಲಾರ್ಮಿನಾ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. ನಾನು ಕಾಡಿ ಬೇಡಿ ಭಾನುವಾರದವರೆಗೆ ಸಮಯ ಪಡೆದೆ.

ಆದುದರಿಂದ ಮಾನ್ಯರೇ, ನಾನು ರಸ್ತೆ ಕೇಳುತ್ತಿಲ್ಲ, ಸೇತುವೆ ಕೇಳುತ್ತಿಲ್ಲ, ತಮ್ಮ ಸಂತಾಪವಂತೂ ಬೇಡವೇ ಬೇಡ. ಭಾನುವಾರಕ್ಕೆ ಮುಂಚೆ ಆ ಹಸಿರು ಫಲಕವನ್ನು ಕೀಳಿಸಿ. ತಜ್ಞರ ಮನಸ್ಸಿಗೆ ನೋವಾಗುವುದಿದ್ದರೆ ಅವರ ದೇಶಕ್ಕೇ ಕಳುಹಿಸಿಕೊಡಿ, ಅಲ್ಲಿ ಗೇಟುಗಳಿವೆಯಂತೆ. ಅದರ ಜಾಗಕ್ಕೆ ಹೊಸದನ್ನು ಬರೆಸುವ ಖರ್ಚೂ ಬೇಡ, ಬರೆದದ್ದೊಂದು ತಮ್ಮ ಇಲಾಖೆಯ ಉಗ್ರಾಣದಲ್ಲಿ ಬಿದ್ದಿದೆ. ಕುಸ್ತೋದಿಯೋನ ಮುಚ್ಚಳವನ್ನು ಹಿಂದಿರುಗಿಸಿ. ಹಾಲಿನ ಕ್ಯಾನಿಗೆಂದು ಕೇಳುತ್ತಿಲ್ಲ. ಆ ಕ್ಯಾನು ತುಂಬಿಸಲು ಅವನ ಬಳಿ ಈಗ ಹಸುವಿಲ್ಲ. ಗೇಟಿಗೆ ಕಟ್ಟಲು ಬೇಕು.

ಇಂತಿ,
ಯಾವ ಗೇಟನ್ನೂ ಕಂಡ ಹಾಗೇ ಬಿಟ್ಟು ಬರುವ,
ತಮ್ಮವರು ಕುಡಿದಿಟ್ಟ ಕಾಫಿ ಲೋಟಗಳನ್ನು ಇನ್ನೂ ತೊಳೆಯಲು ಮನಸ್ಸು ಬಾರದ,
ಹೆರ್ಮೆನ್ಸಿಯಾ ಪಿರಾಬಾನ್
ಕೊನೆಯ ತಿರುವಿನ ಅಂಗಡಿ