ಎರಡು ರೂಪಾಯಿಯ ೧೯೯೪

ಜುಲೈ ೯, ಬುಧವಾರ

ಹೆಂಗಸರಿಗೆ ಟಿಕೆಟ್ ಉಚಿತ, ಗಂಡಸರ ದುಡ್ಡು ಫೋನಿನಲ್ಲೇ ಖಚಿತ. ಕಂಡಕ್ಟರನಾದ ನನ್ನ ಚೀಲದಲ್ಲಿ ನಾಣ್ಯ ಕಿಂಚಿತ. ಹೀಗಾಗಿ ನನ್ನ ನಾಣ್ಯ ಸಂಗ್ರಹ ನಿಂತಲ್ಲೇ ನಿಂತಿತ್ತು. ಭಾರತದ ನಕಾಶೆಯಿರುವ ಹಳೆಯ ಎರಡು ರೂಪಾಯಿಗಳಲ್ಲಿ ೧೯೯೪ರದೊಂದು ಹನ್ನೊಂದು ವರ್ಷದಿಂದ ಸಿಕ್ಕಿರಲಿಲ್ಲ.

ಇವತ್ತು ಗಜೇಂದ್ರಗಡದಿಂದ ರೋಣಕ್ಕೆ ಕಡೆಯ ಸರತಿ. ಕಾಲು ಸೋತಿದ್ದವು. ಬಳೆ ಮಾರುವ ಮಲಿಕಸಾಬರಿಗೆ ನೋಡದೆಯೇ ಚಿಲ್ಲರೆ ಕೊಟ್ಟೆ. ಅವರು ಅದರಲ್ಲಿದ್ದ ಎರಡು ರೂಪಾಯಿಯನ್ನು ವಾಪಸ್ ಚಾಚಿದರು.

"ಇದು ಸವದೈತ್ರಿ, ಯಾರೂ ತಗೊಳ್ಳಂಗಿಲ್ಲ. ಬ್ಯಾರೆ ಕೊಡ್ರಿ."

ದೀಪಕ್ಕೆ ಹಿಡಿದೆ. ೧೯೯೪! ಬೇರೆ ಕೊಟ್ಟು, ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ.

"ನಿಮಗೂ ಯಾರೋ ದಾಟಿಸ್ಯಾರ, ಪಾಪ," ಎಂದರು.

ಮನೆಗೆ ಬಂದು ಸಂಗ್ರಹದ ಖಾಲಿ ಜಾಗದಲ್ಲಿಟ್ಟೆ. ಸಾಲು ತುಂಬಿತು, ಖುಷಿ ಬರಲಿಲ್ಲ. ಇಷ್ಟು ವರ್ಷ ನನ್ನನ್ನು ನಸುಕಿನಲ್ಲಿ ಎಬ್ಬಿಸಿದ್ದು ಆ ಖಾಲಿ ಜಾಗವೇ ಇರಬೇಕು. ನಾಳೆ ಆರೂವರೆಯ ಬಸ್ಸಿಗೆ ಯಾಕೆ ಏಳಲಿ? ಐದು ರೂಪಾಯಿಯವನ್ನು ಶುರು ಮಾಡಿದರೆ...